ಕಿತ್ತಳೆ, ಉಪ್ಪು ಮತ್ತು ಮೇಡಂ ಅವರ ಇಂಗ್ಲಿಷು

ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಶನಿವಾರ ಮಧ್ಯಾಹ್ನ ನಡೆಯುತ್ತಿದ್ದ ಇಂಗ್ಲಿಷ್ ತರಗತಿಗೆ ಪಠ್ಯಪುಸ್ತಕವೇ ಇರಲಿಲ್ಲ. ವ್ಯಾಕರಣ ಬಲ್ಲವರಿಗೆ, ಇಂಗ್ಲಿಷ್ ಪತ್ರಿಕೆ ಓದಿ ಅರ್ಥ ಮಾಡಿಕೊಳ್ಳುವವರಿಗೆ ಮಾತ್ರ ಅಲ್ಲಿ ಜಾಗ. ಅಂಥವರಿಗೆ ಇನ್ನೇನು ಕಲಿಸುವುದು? ಮೇಡಂ ವಿಜ್ಞಾನ, ವೈದ್ಯಕೀಯ ವಿಷಯಗಳನ್ನು ಕೈಗೆತ್ತಿಕೊಂಡರು. 'ಹಿಮೋಗ್ಲೋಬಿನ್', 'ಫೋಟೋಸಿಂಥೆಸಿಸ್' ಯಾರನ್ನೂ ಕಾಡುತ್ತಿರಲಿಲ್ಲ. ಅವು ಪಿಯುಸಿಯಲ್ಲೇ ಬಾಯಿಪಾಠವಾಗಿದ್ದವು. ಎಲ್ಲರೂ ಎಡವುತ್ತಿದ್ದದ್ದು 'ದ', 'ಮೇ', 'ಸಿನ್ಸ್' ಥರದ ಪುಟ್ಟ ಪದಗಳಲ್ಲಿ. ರೋಗಿಗೆ ಏನಾಯಿತು, ಯಾವಾಗಿನಿಂದ, ನಾವದನ್ನು ಎಷ್ಟು ಖಚಿತವಾಗಿ ಹೇಳಬಹುದು ಎಂಬುದೆಲ್ಲ ನಿಂತಿರುವುದು ಆ ಪದಗಳ ಮೇಲೆಯೇ.

ಹೆಚ್ಚು ವಾರ ತೆಗೆದುಕೊಂಡ ಪಾಠ ಹಡಗಿನ ವೈದ್ಯ ಜೇಮ್ಸ್ ಲಿಂಡ್‌ನ ಪ್ರಯೋಗ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ 'ಸಾಲ್ಸ್‌ಬರಿ' ಹಡಗಿನಲ್ಲಿ ಸ್ಕರ್ವಿ (ವಿಟಮಿನ್ ಸಿ ಕೊರತೆಯ ರೋಗ) ಹಿಡಿದಿದ್ದ 12 ನಾವಿಕರನ್ನು ಆತ ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಊಟವೂ ಮಲಗುವ ಜಾಗವೂ ಎಲ್ಲರಿಗೂ ಒಂದೇ. ಅದರ ಮೇಲೆ ಒಂದು ಜೋಡಿಗೆ ಸೈಡರ್ (ಹುಳಿಸಿದ ಸೇಬಿನ ರಸ), ಒಂದಕ್ಕೆ ನೀರು ಬೆರೆಸಿದ ಗಂಧಕಾಮ್ಲ, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಬೆಳ್ಳುಳ್ಳಿ ಸಾಸಿವೆ ಹಾಕಿದ ಲೇಹ್ಯ, ಇನ್ನೊಂದಕ್ಕೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಹಣ್ಣು ಆರು ದಿನಕ್ಕೇ ಮುಗಿದುಹೋಯಿತು. ಆದರೂ ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಆ ಇಬ್ಬರೇ.

ಮೇಡಂ ಮೊದಲು ಕಥೆ ಹೇಳುತ್ತಿರಲಿಲ್ಲ. ಬೋರ್ಡಿನ ಮೇಲೆ ಬರೀ ಕೋಷ್ಟಕ: ಜೋಡಿ, ಪ್ರಮಾಣ, ಫಲ. ಒಂದೂ ಕ್ರಿಯಾಪದ ಇಲ್ಲ. ಅದನ್ನು ನೋಡಿಕೊಂಡು ಮೂರು ವಾಕ್ಯ ಬರೆಯಬೇಕು. ಮೊದಲನೆಯದರಲ್ಲಿ ಮಾಡಿದ್ದು, ಎರಡನೆಯದರಲ್ಲಿ ಕಂಡದ್ದು, ಮೂರನೆಯದರಲ್ಲಿ ಕಾರಣ ಇರಬಹುದಾದದ್ದು. ಮೊದಲ ವಾಕ್ಯಕ್ಕೆ ಭೂತಕಾಲದ ಕರ್ಮಣಿ, ಎರಡನೆಯದಕ್ಕೆ ಹೋಲಿಕೆಯ ರೂಪಗಳು, ಮೂರನೆಯದಕ್ಕೆ 'ಮೇ' ಅಥವಾ 'ಸಜೆಸ್ಟ್' ತಾವಾಗಿಯೇ ಬೇಕಾಗುತ್ತವೆ. ವ್ಯಾಕರಣದ ಹೆಸರು ಹೇಳದೆಯೇ ವ್ಯಾಕರಣ ಮಾಡಿಸುವ ಉಪಾಯ ಇದು.

ತರಗತಿಯ ಮುಕ್ಕಾಲು ಪಾಲು ಜನ ನೇರವಾಗಿ 'ಲೆಮನ್ಸ್ ಕ್ಯೂರ್ ಸ್ಕರ್ವಿ' ಎಂದು ಬರೆಯುತ್ತಿದ್ದರು. ಮಾತು ನಿಜವೇ. ಆದರೆ ಇಂಗ್ಲಿಷಿನ ಸರಳ ವರ್ತಮಾನ ಸಾರ್ವಕಾಲಿಕ ನಿಯಮ ಸಾರುವ ರೂಪ. ಇಬ್ಬರು ನಾವಿಕರನ್ನಿಟ್ಟುಕೊಂಡು ನಿಯಮ ಸಾರಲಾಗದು. ಹಾಗಾಗಿ 'ಕಾಸಸ್', 'ಈಸ್ ಅಸೋಸಿಯೇಟೆಡ್ ವಿತ್', 'ಮೇ ಕಾಂಟ್ರಿಬ್ಯೂಟ್ ಟು' ಇವನ್ನು ಮೇಡಂ ಮೇಲಿಂದ ಕೆಳಕ್ಕೆ ಬರೆದು, ನಮ್ಮ ಬಳಿಯ ಪುರಾವೆ ಯಾವ ಮೆಟ್ಟಿಲಿನದು ಎಂದು ಕೇಳುತ್ತಿದ್ದರು. 'ಪ್ರೂವ್' ಪದಕ್ಕೆ ಸಂಪೂರ್ಣ ನಿಷೇಧ. ಇದು ಅತಿಯಾದಾಗ ಇನ್ನೊಂದು ರೋಗ ಬರುತ್ತದೆ: 'ಮೇ ಪಾಸಿಬ್ಲಿ ಸಜೆಸ್ಟ್' ಎಂದು ಅನುಮಾನದ ಮೇಲೆ ಅನುಮಾನ ಹೇರುವುದು. ಒಂದು ವಾಕ್ಯಕ್ಕೆ ಒಂದೇ ಅನುಮಾನ. ಕಣ್ಣಾರೆ ಕಂಡದ್ದಕ್ಕೆ, ಅಂದರೆ ಹಣ್ಣು ಮುಗಿದ ಸಂಗತಿಗೆ, ಅದೂ ಬೇಡ. (ಲಿಂಡ್‌ನ ಪುಸ್ತಕ 1753ರಲ್ಲೇ ಬಂದರೂ ನೌಕಾಪಡೆ ನಿಂಬೆರಸ ಹಂಚಲು ಒಪ್ಪಿದ್ದು 1795ರಲ್ಲಿ. ವಾಕ್ಯ ಸರಿಯಿದ್ದರೆ ಸಾಲದು ಎಂಬುದಕ್ಕೂ ಅವನೇ ಉದಾಹರಣೆ.)

ಇನ್ನೊಂದು ಪಾಠ ಓಆರ್‌ಎಸ್ ಪೊಟ್ಟಣದ್ದು, ಅಂದರೆ ಭೇದಿಯಾದವರಿಗೆ ನೀರಿನಲ್ಲಿ ಕರಗಿಸಿ ಕುಡಿಸುವ ಪುಡಿಯದ್ದು. ಒಂದು ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಶಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಇಷ್ಟೇ ಮಾಹಿತಿಯನ್ನು ಮೂರು ಕಡೆಗೆ ಬರೆಯಬೇಕು: ಪ್ರಯೋಗಾಲಯದ ರೆಕಾರ್ಡಿಗೆ, ಪೊಟ್ಟಣದ ಬೆನ್ನಿಗೆ, ಭೇದಿಯಾಗುತ್ತಿರುವ ಮಗುವಿನ ತಾಯಿಗೆ. ರೆಕಾರ್ಡಿನ ಕರ್ಮಣಿಯನ್ನೇ ಪೊಟ್ಟಣಕ್ಕೂ ತಂದರೆ ಅದು ಸೂಚನೆಯಾಗದೆ ವರದಿಯಾಗುತ್ತದೆ. ಅಲ್ಲಿ ಬೇಕಿರುವುದು ಚುಟುಕಾದ 'ಡಿಸಾಲ್ವ್'. ಪೊಟ್ಟಣವನ್ನು ಅರ್ಧ ಅರ್ಧ ಮಾಡಿ ಲೋಟಕ್ಕೆ ಸುರಿಯುವುದು ಮನೆಗಳಲ್ಲಿ ಆಗುವ ತಪ್ಪು. ಆದ್ದರಿಂದ 'ಎ ಪ್ಯಾಕೆಟ್' ಎಂದರೆ ಸಾಲದು, 'ದ ಹೋಲ್ ಪ್ಯಾಕೆಟ್' ಆಗಬೇಕು, 'ವಾಟರ್' ಹಿಂದೆ 'ಒನ್ ಲೀಟರ್ ಆಫ್' ಇರಲೇಬೇಕು. ನೀರು ಕಡಿಮೆಯಾದರೆ ಸೋಡಿಯಂ ಸಾಂದ್ರತೆ ಏರಿ ಮಗುವಿಗೇ ಅಪಾಯ. ಸಕ್ಕರೆ ಯಾಕೆ ಎಂದು ತಾಯಿ ಕೇಳಿದರೆ, ಕರುಳು ಗ್ಲೂಕೋಸಿನ ಜೊತೆ ಸೋಡಿಯಂ ಹೀರಿಕೊಳ್ಳುತ್ತದೆ, ನೀರು ಅದರ ಹಿಂದೆ ಹೋಗುತ್ತದೆ ಎಂಬುದನ್ನು ಒಂದೂ ಲ್ಯಾಟಿನ್ ಪದವಿಲ್ಲದೆ ಹೇಳಬೇಕು. ಮೂರರಲ್ಲಿ ಇದೇ ಅತ್ಯಂತ ಕಷ್ಟದ್ದು.

ಕೇಳಿ ಬರೆಯುವ ಪಾಠಕ್ಕೆ ಮಂಗನ ಕಾಯಿಲೆ: 1957, ಸೊರಬದ ಕ್ಯಾಸನೂರು ಕಾಡು, ಸತ್ತ ಮಂಗಗಳು, ರಕ್ತ ಹೀರುವ ಉಣ್ಣೆಗಳು. ತೊಂಬತ್ತು ಪದಗಳ ಒಂದು ಪ್ಯಾರಾವನ್ನು ಮಾಮೂಲಿ ವೇಗದಲ್ಲಿ ಎರಡು ಸಲ ಓದುತ್ತಿದ್ದರು. ಮೊದಲ ಸಲ ಪೆನ್ ಮುಟ್ಟುವಂತಿಲ್ಲ, ಎರಡನೇ ಸಲ ಮುಖ್ಯ ಪದ ಮಾತ್ರ. ನಂತರ ಮೂವರು ಸೇರಿ ಇಡೀ ಪ್ಯಾರಾವನ್ನು ಮತ್ತೆ ಕಟ್ಟಬೇಕು. ಜಾಣರೊಬ್ಬರೇ ಎಲ್ಲ ಬರೆದುಬಿಡುತ್ತಾರೆಂದು ಪೆನ್ ಹಿಡಿದವರು ವಾಕ್ಯ ಸೂಚಿಸುವಂತಿಲ್ಲ ಎಂಬ ಷರತ್ತು. ಹೊಸ ಪದ ನಾಲ್ಕೈದಕ್ಕಿಂತ ಹೆಚ್ಚಿದ್ದರೆ ಈ ಅಭ್ಯಾಸ ಕೆಡುತ್ತದೆ: ಎಲ್ಲರೂ ಪದ ಹಿಡಿಯಲು ಹೋಗಿ ವಾಕ್ಯ ಬಿಡುತ್ತಾರೆ. 'ಮೂರು ದಿನದಿಂದ ಜ್ವರ' ಇಂಗ್ಲಿಷಿಗೆ ಹೋಗುವಾಗ 'ಈಸ್ ಹ್ಯಾವಿಂಗ್ ಫೀವರ್ ಸಿನ್ಸ್ ತ್ರೀ ಡೇಸ್' ಆಗುವುದು ಸಿಕ್ಕಿಬೀಳುತ್ತಿದ್ದದ್ದೂ ಇಲ್ಲೇ. ನಮ್ಮ 'ಇಂದ' ಆರಂಭಕ್ಕೂ ಅವಧಿಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಸೋಮವಾರಕ್ಕೆ 'ಸಿನ್ಸ್', ಮೂರು ದಿನಕ್ಕೆ 'ಫಾರ್'. 'ಹ್ಯಾಸ್ ಹ್ಯಾಡ್' ಬದಲು 'ಹ್ಯಾಡ್' ಎಂದರೆ ಜ್ವರ ಬಿಟ್ಟಿದೆ ಎಂದೇ ಕೇಳಿದ ಡಾಕ್ಟರು ತಿಳಿಯುತ್ತಾರೆ.

ಉಚ್ಚಾರಣೆಗೆ ಹೆಚ್ಚು ಹೊತ್ತು ಕೊಡುತ್ತಿರಲಿಲ್ಲ, ಸಂಖ್ಯೆಗಳನ್ನು ಬಿಟ್ಟು. 'ಫಿಫ್ಟೀನ್', 'ಫಿಫ್ಟಿ' ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ಔಷಧದ ಪ್ರಮಾಣ ಹೇಳುವಾಗ 'ಒನ್ ಫೈವ್', 'ಫೈವ್ ಝೀರೋ' ಎಂದು ಬಿಡಿಸಿ ಹೇಳಿ, ಎದುರಿನವರಿಂದ ಮತ್ತೆ ಹೇಳಿಸಬೇಕು. ಬರೆಯುವಾಗ ಅರ್ಧ ಮಿಲಿಗ್ರಾಂ ಎಂದರೆ 0.5, ಬರೀ .5 ಅಲ್ಲ, ಐದು ಎಂದರೆ 5, 5.0 ಅಲ್ಲ. ಚುಕ್ಕಿ ಕಾಣದಿದ್ದರೆ ಪ್ರಮಾಣ ಹತ್ತು ಪಟ್ಟು.

ಈಗ ನಮ್ಮ ಕಡೆಯಿಂದ ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಹೊರಟ ನರ್ಸುಗಳಲ್ಲಿ ಅನೇಕರು ಓಇಟಿ, ಅಂದರೆ ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆ ಬರೆಯುತ್ತಾರೆ. ಅದರ ಪತ್ರ ಬರೆಯುವ ಭಾಗಕ್ಕೆ ಕೇಸ್ ನೋಟ್ಸ್ (ರೋಗಿಯ ಬಗೆಗಿನ ಟಿಪ್ಪಣಿ) ಓದಲು 5 ನಿಮಿಷ, ಬರೆಯಲು 40. ಅಲ್ಲಿ ಅಂಕ ಹೋಗುವುದು ನೋಟ್ಸಿನಲ್ಲಿದ್ದುದನ್ನೆಲ್ಲ ಪತ್ರಕ್ಕೆ ತುಂಬಿದಾಗ. ಮೇಡಂ ಕೇಳುತ್ತಿದ್ದ ಪ್ರಶ್ನೆ ಅಲ್ಲಿಗೂ ಸಾಕು: ಈ ಪತ್ರ ಓದುವವರು ನಾಳೆ ಬೆಳಿಗ್ಗೆ ಏನು ಮಾಡಬೇಕು? ಫಿಸಿಯೋಥೆರಪಿಸ್ಟಿಗೆ ಬರೆಯುವಾಗ ಹತ್ತು ವರ್ಷದ ಹಿಂದಿನ ಅಪೆಂಡಿಕ್ಸ್ ಆಪರೇಷನ್ ಬೇಡ. ಮೊನ್ನೆ ಬಿದ್ದದ್ದು ಬೇಕು, ಅದೂ ಮೊದಲ ಪ್ಯಾರಾದಲ್ಲೇ.