ಬಾರ್ಸಿಲೋನಾದ ಮೇಯರ್ ಕುರ್ಚಿ: ಕೂರಿಸಿದವರು ಯಾರು, ಇಳಿಸಿದವರು ಯಾರು

ಬಾರ್ಸಿಲೋನಾಗೆ ಕೆಲಸಕ್ಕೆಂದು ಬರುವ ಕನ್ನಡಿಗರು ಮೊದಲ ತಿಂಗಳಲ್ಲೇ ನಗರಪಾಲಿಕೆಯ ಕಚೇರಿ ಮೆಟ್ಟಿಲು ಹತ್ತಲೇಬೇಕು. ಮನೆ ವಿಳಾಸ ದಾಖಲಾಗದೆ ಇಲ್ಲಿ ಆರೋಗ್ಯ ಚೀಟಿಯೂ ಸಿಗದು, ಮಕ್ಕಳಿಗೆ ಶಾಲೆಯೂ ಸಿಗದು. ಆ ಪಾಲಿಕೆಯನ್ನು ನಡೆಸುವವರು ಯಾರು, ಅವರನ್ನು ಆರಿಸುವವರು ಯಾರು ಅನ್ನುವುದು ಮಾತ್ರ ಬಹಳ ಜನಕ್ಕೆ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಮೇಯರ್ ಅಂದರೆ ಒಂದು ವರ್ಷದ ಅಧಿಕಾರ ಎಂದು ನೋಡಿ ಬೆಳೆದವರು ನಾವು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಮೇಯರ್ ಬದಲು ಆಡಳಿತಾಧಿಕಾರಿಗಳನ್ನು ನೋಡಿದೆವು. ಇಲ್ಲಿ ಅವಧಿ ನಾಲ್ಕು ವರ್ಷ, ಎಷ್ಟು ಸಲ ಬೇಕಾದರೂ ನಿಲ್ಲಬಹುದು. 1979ರ ಚುನಾವಣೆಯಿಂದ ಇಂದಿನವರೆಗೆ ಆಯ್ಕೆಯಾದ ಮೇಯರ್‌ಗಳು ಏಳೇ ಜನ.

ಅದಕ್ಕೂ ಮುಂಚೆ ಈ ಕುರ್ಚಿ ಹೆಚ್ಚಿನ ಕಾಲ ಬಾರ್ಸಿಲೋನಾದವರ ಕೈಯಲ್ಲಿರಲಿಲ್ಲ. 13ನೇ ಶತಮಾನದಿಂದ ನಗರವನ್ನು ಆಳಿದ್ದು 'ನೂರ್ವರ ಸಭೆ'. ಅದು ಸೇರುತ್ತಿದ್ದ ಸಭಾಂಗಣ ಪ್ಲಾಸಾ ಸಂತ್ ಜೌಮೆ ಚೌಕದ ಪಾಲಿಕೆ ಕಟ್ಟಡದಲ್ಲಿ ಇವತ್ತಿಗೂ ಇದೆ. 1714ರ ಸೆಪ್ಟೆಂಬರ್ 11ರಂದು ನಗರ ಸ್ಪೇನಿನ ಐದನೇ ಫಿಲಿಪ್ ದೊರೆಯ ಸೈನ್ಯಕ್ಕೆ ಶರಣಾದ ಮೇಲೆ ಆ ಸಭೆಯನ್ನೇ ರದ್ದು ಮಾಡಿದರು. ಅಲ್ಲಿಂದ ಮುಂದೆ ಆಡಳಿತ ದೊರೆ ನೇಮಿಸಿದವರದು. 19ನೇ ಶತಮಾನದಲ್ಲಿ ಚುನಾವಣೆ ಬಂದರೂ 1877ರ ಪಾಲಿಕೆ ಕಾನೂನು ದೊಡ್ಡ ನಗರಗಳ ಮೇಯರ್ ನೇಮಕವನ್ನು ರಾಜನಿಗೇ ಬಿಟ್ಟಿತ್ತು. ಸದಸ್ಯರನ್ನು ಜನ ಆರಿಸಬೇಕು, ಅವರಲ್ಲಿ ಮೇಯರ್ ಯಾರೆಂದು ಮ್ಯಾಡ್ರಿಡ್ ಹೇಳಬೇಕು!

ಹಾಗೆ ಬಂದವರಲ್ಲೂ ಗಟ್ಟಿಗರಿದ್ದರು. ಕೈತಪ್ಪಿ ಹೋಗಲಿದ್ದ 1888ರ ವಿಶ್ವ ಪ್ರದರ್ಶನದ ಯೋಜನೆಯನ್ನು ಪಾಲಿಕೆಯ ಮೈಮೇಲೆ ಎಳೆದುಕೊಂಡು ನಡೆಸಿದವರು ಫ್ರಾನ್ಸೆಸ್ಕ್ ರಿಯುಸ್ ಇ ತೌಲೆತ್. ಪ್ರದರ್ಶನ ನಡೆದದ್ದು ಸಿಯುತದೆಲ್ಯಾ ಉದ್ಯಾನದಲ್ಲಿ, ಬಂದರಿನ ಕೊಲಂಬಸ್ ಸ್ತಂಭ ಅದರ ಫಲ. ಪಾಲಿಕೆಯ ತಲೆಗೆ ಬಿದ್ದ ಸಾಲವೂ ಅದರದ್ದೇ. ಅವರ ನಂತರದವರಲ್ಲಿ ಬಾರ್ತೊಮೆಯು ರಾಬರ್ಟ್ ಎಂಬ ವೈದ್ಯರನ್ನು ತಿಳಿಯಲೇಬೇಕು. 1899ರಲ್ಲಿ ಮ್ಯಾಡ್ರಿಡ್ ಸರ್ಕಾರವೇ ಅವರನ್ನು ನೇಮಿಸಿತು. ಅದೇ ವರ್ಷ ಹೊಸ ತೆರಿಗೆ ಕಟ್ಟಲಾರೆವೆಂದು ವ್ಯಾಪಾರಿಗಳು ಅಂಗಡಿ ಬಾಗಿಲು ಹಾಕಿದರು. ಅವರ ಆಸ್ತಿ ಜಪ್ತಿಗೆ ಮೇಯರ್ ಸಹಿ ಬೇಕಿತ್ತು. ರಾಬರ್ಟ್ ಸಹಿ ಹಾಕಲಿಲ್ಲ, ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟು ಹೊರಟರು. ಕುರ್ಚಿಯಲ್ಲಿ ಕೂತದ್ದು ಕೆಲವೇ ತಿಂಗಳು. ಆದರೂ ಜನ ಹಣ ಕೂಡಿಸಿ 1910ರಲ್ಲಿ ಅವರಿಗೊಂದು ಸ್ಮಾರಕ ನಿಲ್ಲಿಸಿದರು. ಸರ್ವಾಧಿಕಾರಿ ಫ್ರಾಂಕೋನ ಆಡಳಿತ ಅದನ್ನು ಬಿಚ್ಚಿ ಉಗ್ರಾಣಕ್ಕೆ ಹಾಕಿತು. 1985ರಲ್ಲಿ ಪ್ಲಾಸಾ ತೆತುಆನ್ ಚೌಕದಲ್ಲಿ ಮತ್ತೆ ಜೋಡಿಸಿದ್ದಾರೆ. ಆ ಕಡೆ ಹೋದವರು ನಿಂತು ನೋಡಿ ಬರಬೇಕು.

1931ರ ಏಪ್ರಿಲ್ 12ರ ಪಾಲಿಕೆ ಚುನಾವಣೆಯಂತೂ ರಾಜಪ್ರಭುತ್ವವನ್ನೇ ಕಿತ್ತು ಹಾಕಿತು. ಸ್ಪೇನಿನ ದೊಡ್ಡ ನಗರಗಳಲ್ಲೆಲ್ಲ ಗಣರಾಜ್ಯ ಪಕ್ಷಗಳು ಗೆದ್ದವು. ಏಪ್ರಿಲ್ 14ರಂದು, ಆಗಷ್ಟೇ ಸದಸ್ಯರಾಗಿ ಗೆದ್ದಿದ್ದ ಲ್ಯೂಯಿಸ್ ಕುಂಪಾನ್ಸ್ ಪಾಲಿಕೆಯ ಬಾಲ್ಕನಿಯಿಂದ ಗಣರಾಜ್ಯ ಘೋಷಿಸಿದರು. ದೊರೆ ದೇಶ ಬಿಟ್ಟ. ಜೌಮೆ ಅಗ್ವಾದೆ ಮೇಯರ್ ಆದರು. ಆ ಕಾಲ ಎಂಟು ವರ್ಷವೂ ನಿಲ್ಲಲಿಲ್ಲ. 1939ರ ಜನವರಿ 26ರಂದು ಫ್ರಾಂಕೋ ಸೈನ್ಯ ನಗರಕ್ಕೆ ನುಗ್ಗಿತು. ಹಿಂದೆಯೇ ಮಿಕೆಲ್ ಮತೆಯು ಎಂಬ ಉದ್ಯಮಿಯನ್ನು ತಂದು ಕೂರಿಸಿದರು.

ಸರ್ವಾಧಿಕಾರದಲ್ಲೂ ಜನ ಒಬ್ಬ ಮೇಯರನ್ನು ಇಳಿಸಿದ ಪ್ರಸಂಗವಿದೆ. 1951ರಲ್ಲಿ ಟ್ರಾಮ್ ಟಿಕೆಟ್ 50 ಸೆಂತಿಮೊಗಳಿಂದ (ಆಗಿನ ನಾಣ್ಯ ಪೆಸೆಟಾದ ನೂರನೇ ಭಾಗ) 70ಕ್ಕೆ ಏರಿತು. ಅದೇ ಹೊತ್ತಿಗೆ ಮ್ಯಾಡ್ರಿಡ್‌ನಲ್ಲಿ ದರ 40. ಮೆರವಣಿಗೆ ಮಾಡಿದರೆ ಜೈಲು, ಆದರೆ ಟ್ರಾಮ್ ಹತ್ತದಿದ್ದರೆ ಯಾರೂ ಬಂಧಿಸುವಂತಿಲ್ಲ. ಮಾರ್ಚ್ 1ರಿಂದ ಊರಿಗೆ ಊರೇ ನಡೆಯತೊಡಗಿತು. ಮಾರ್ಚ್ 4ರ ಭಾನುವಾರ ಲೆಸ್ ಕೋರ್ತ್ಸ್ ಮೈದಾನದಲ್ಲಿ ಬಾರ್ಸಾ ಫುಟ್‌ಬಾಲ್ ಪಂದ್ಯ, ಮೇಲೆ ಮಳೆ. ಪಂದ್ಯ ಮುಗಿಸಿದ ಸಾವಿರಾರು ಜನ ಸಾಲಾಗಿ ನಿಂತ ಖಾಲಿ ಟ್ರಾಮ್‌ಗಳ ಪಕ್ಕದಲ್ಲೇ ನೆನೆಯುತ್ತ ಮನೆಗೆ ನಡೆದರು. ಕೆಲವೇ ದಿನದಲ್ಲಿ ದರ ಇಳಿಯಿತು, ಮಾರ್ಚ್ 12ಕ್ಕೆ ಸಾರ್ವತ್ರಿಕ ಮುಷ್ಕರ ನಡೆಯಿತು. ಮ್ಯಾಡ್ರಿಡ್ ಸರ್ಕಾರದ ಪ್ರತಿನಿಧಿಯಾದ ಸಿವಿಲ್ ಗವರ್ನರ್ ಮತ್ತು ಮೇಯರ್ ಆಗಿದ್ದ ತೆರ್ರಾದೆಸ್ ಬ್ಯಾರನ್, ಇಬ್ಬರೂ ಹುದ್ದೆ ಕಳೆದುಕೊಂಡರು.

ನಂತರ ಬಂದವರಲ್ಲಿ ನಗರದ ಮೇಲೆ ಅತಿ ಹೆಚ್ಚು ಗುರುತು ಬಿಟ್ಟವರು ಜೋಸೆಪ್ ಮರಿಯಾ ದೆ ಪೊರ್ಸಿಯೋಲೆಸ್: 1957ರಿಂದ 1973ರವರೆಗೆ, ಹದಿನಾರು ವರ್ಷ. ವೃತ್ತಿಯಲ್ಲಿ ನೋಟರಿ. 1960ರ ವಿಶೇಷ ಕಾನೂನು ಬಾರ್ಸಿಲೋನಾ ಮೇಯರ್‌ಗೆ ಬೇರೆ ಊರುಗಳವರಿಗಿಲ್ಲದ ಅಧಿಕಾರ ಕೊಟ್ಟಿತು. ಪಿಕಾಸೋ ಮ್ಯೂಸಿಯಂ 1963ರಲ್ಲಿ ತೆರೆದದ್ದು ಇವರ ಕಾಲದಲ್ಲೇ. ನಗರದ ಹೊರ ಅಂಚಿಗೆ ಹೋದರೆ ಇನ್ನೊಂದು ಮುಖ ಕಾಣುತ್ತದೆ. ಆಂಡಲೂಸಿಯಾ, ಮುರ್ಸಿಯಾ ಕಡೆಯಿಂದ ಕೆಲಸ ಹುಡುಕಿ ಬಂದ ಜನಕ್ಕೆ ಕಟ್ಟಿದ ಎತ್ತರದ ವಸತಿ ಕಟ್ಟಡಗಳವು. ಎಷ್ಟೋ ಕಡೆ ಮನೆ ಮೊದಲು ಬಂತು. ರಸ್ತೆ, ಶಾಲೆ, ಬಸ್ಸು ಬಂದದ್ದು ಆಮೇಲೆ. ಕಡಲ ತೀರದಲ್ಲಿ ಗುಡಿಸಲು ಹಾಕಿದ್ದವರನ್ನು ಎಬ್ಬಿಸಿ ಪಕ್ಕದ ಊರು ಸಂತ್ ಆದ್ರಿಯಾದ ಲಾ ಮಿನಾದಂಥ ಕಡೆ ತುಂಬಿದರು. ಆ ಬಡಾವಣೆಯ ಕಷ್ಟ ಇವತ್ತಿಗೂ ತೀರಿಲ್ಲ.

1965ರಲ್ಲಿ ಪೋಬ್ಲೆನೌ ಕಡಲ ತೀರಕ್ಕೊಂದು ಯೋಜನೆ ಬಂತು, ಹೆಸರು 'ಪ್ಲಾ ದೆ ಲಾ ರಿಬೇರಾ'. ತೀರದ ಕಾರ್ಖಾನೆ ಮಾಲೀಕರೇ ತಮ್ಮ ಜಾಗದಲ್ಲಿ ಶ್ರೀಮಂತರ ವಸತಿ ಕಟ್ಟುವ ಯೋಚನೆ, ಪಾಲಿಕೆಯ ಬೆಂಬಲ. ಅಲ್ಲಿನ ಬಾಡಿಗೆದಾರರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರವೇ ಇರಲಿಲ್ಲ. ನಿವಾಸಿಗಳ ಸಂಘಗಳು ವಾಸ್ತುಶಿಲ್ಪಿಗಳನ್ನು ಜೊತೆಗಿಟ್ಟುಕೊಂಡು ಪರ್ಯಾಯ ಯೋಜನೆಯನ್ನೇ ತಯಾರಿಸಿದವು. ಮೂಲ ಯೋಜನೆ ಬಿದ್ದುಹೋಯಿತು. ಬಡಾವಣೆ ಸಂಘಗಳ ಬಲ ಇಲ್ಲಿ ಇವತ್ತಿಗೂ ದೊಡ್ಡದು, ಅದರ ಬೇರು ಈ ಜಗಳಗಳಲ್ಲಿದೆ. 1977ರ ಜನವರಿ 9ರಂದು ನೌ ಬಾರ್ರಿಸ್ ನಿವಾಸಿಗಳು ಹೊಗೆ ಉಗುಳುತ್ತಿದ್ದ ಡಾಂಬರು ಘಟಕವನ್ನು ತಾವೇ ಕಳಚಿಹಾಕಿದರು. ಆ ಜಾಗವೇ ಈಗಿನ ಸಾಂಸ್ಕೃತಿಕ ಕೇಂದ್ರ, ಅತೆನೆಯು ಪೊಪುಲಾರ್.

ಕನ್ನಡಿಗರು ಗಮನಿಸಬೇಕಾದ ಒಂದು ದಿನ 1975ರ ಮಾರ್ಚ್ 4. ಶಾಲೆಗಳಲ್ಲಿ ಇಲ್ಲಿನ ನಾಡಭಾಷೆ ಕತಲಾನ್ ಕಲಿಸಲು 5 ಕೋಟಿ ಪೆಸೆಟಾ ಕೊಡುವ ಪ್ರಸ್ತಾವ ಪಾಲಿಕೆ ಮುಂದೆ ಬಂತು. ಪರ 9, ವಿರುದ್ಧ 18. ಊರು ಆ ಹದಿನೆಂಟು ಜನರನ್ನು ಕ್ಷಮಿಸಲಿಲ್ಲ. ಮೇಯರ್ ಎನ್ರಿಕ್ ಮಾಸ್ಸೊ ಅದೇ ವರ್ಷ ಹುದ್ದೆ ಕಳೆದುಕೊಂಡರು.

ನೇಮಕದ ಕೊನೆಯ ಮೇಯರ್‌ಗಳಲ್ಲಿ ಒಬ್ಬರಾದ ಸೊಸೀಯಸ್ ಉಂಬೆರ್ತ್ ಅವರಿಗೆ ಸಲ್ಲಬೇಕಾದ ಹೆಸರು ಸಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. 1976ರಿಂದ 79ರ ಆ ಅಲ್ಪ ಅವಧಿಯಲ್ಲಿ ಮುಚ್ಚುತ್ತಿದ್ದ ಕಾರ್ಖಾನೆಗಳ ಜಾಗವನ್ನು ಪಾಲಿಕೆಗೆ ಕೊಂಡಿಟ್ಟರು. ಸಂತ್ಸ್ ರೈಲು ನಿಲ್ದಾಣದ ಪಕ್ಕ 1985ರಲ್ಲಿ ತೆರೆದ ಎಸ್ಪಾನ್ಯಾ ಇಂದುಸ್ತ್ರಿಯಾಲ್ ಉದ್ಯಾನ ಅಂಥದೊಂದು ಜಾಗ. ಆಯ್ಕೆಯಾಗಿ ಬಂದವರಿಗೆ ಉದ್ಯಾನ, ಶಾಲೆ ಕಟ್ಟಲು ಕೈಯಲ್ಲಿ ನೆಲ ಇದ್ದದ್ದು ಹೀಗೆ.

ಪ್ರಜಾಪ್ರಭುತ್ವ ಮರಳಿದ ಮೇಲೆ 1979ರ ಏಪ್ರಿಲ್ 3ರಂದು ನಡೆದ ಮೊದಲ ಪಾಲಿಕೆ ಚುನಾವಣೆಯಲ್ಲಿ ಸಮಾಜವಾದಿ ನಾರ್ಸಿಸ್ ಸೆರ್ರಾ ಗೆದ್ದರು. ಒಲಿಂಪಿಕ್ಸ್ ಕೇಳೋಣವೆಂಬ ಮಾತು ಹೊರಟದ್ದು ಅವರಿಂದ. 1982ರಲ್ಲಿ ಅವರು ರಕ್ಷಣಾ ಮಂತ್ರಿಯಾಗಿ ಮ್ಯಾಡ್ರಿಡ್‌ಗೆ ಹೋದಾಗ ಪಾಸ್ಕ್ವಾಲ್ ಮರಗಾಲ್ ಬಂದು 1997ರವರೆಗೆ ಇದ್ದರು. 1986ರ ಅಕ್ಟೋಬರ್ 17ರಂದು ಲೋಸಾನ್‌ನಲ್ಲಿ 1992ರ ಒಲಿಂಪಿಕ್ಸ್‌ಗೆ ಬಾರ್ಸಿಲೋನಾ ಹೆಸರು ಕೂಗಿದಾಗ ಕೈಯಲ್ಲಿ ಉಳಿದದ್ದು ಆರು ವರ್ಷಕ್ಕಿಂತ ಕಡಿಮೆ. ಮರಗಾಲ್ ಆಟದ ನೆಪದಲ್ಲಿ ಊರು ರಿಪೇರಿ ಮಾಡಿದರು. ಪೋಬ್ಲೆನೌ ತೀರದಲ್ಲಿ ಊರಿಗೂ ಸಮುದ್ರಕ್ಕೂ ನಡುವೆ ರೈಲು ಹಳಿ, ಕಾರ್ಖಾನೆ, ಕೊಳಚೆ ಕಾಲುವೆ ಇದ್ದವು. ಹಳಿ ಕಿತ್ತು, ಕೊಳಚೆ ತಿರುಗಿಸಿ, ಕ್ರೀಡಾಪಟುಗಳ ವಸತಿ ಕಟ್ಟಿ, ನೋವಾ ಇಕಾರಿಯಾ, ಬೊಗಾತೆಲ್, ಮಾರ್ ಬೆಲ್ಲಾ ಕಡಲತೀರಗಳನ್ನು ಜನಕ್ಕೆ ಬಿಟ್ಟರು. ಊರು ಸುತ್ತುವ ಎರಡು ವರ್ತುಲ ರಸ್ತೆಗಳೂ ಆಗಲೇ ಮುಗಿದವು. ಕಾರ್ಖಾನೆ ಮಾಲೀಕರ ಯೋಜನೆ ಬಿದ್ದ ಅದೇ ತೀರದಲ್ಲಿ ಈ ಕೆಲಸ ಕೈಗೂಡಿತು, ಕಾರಣ ಕಡಲಂಚು ಎಲ್ಲರದ್ದಾಯಿತು. ಆದರೂ ಒಲಿಂಪಿಕ್ ವಸತಿಯ ಮನೆಗಳು ಬಡವರ ಕೈಗೆ ಹೋಗಲಿಲ್ಲ. ಮಾರುಕಟ್ಟೆ ದರಕ್ಕೆ ಮಾರಾಟವಾದವು. ಇವತ್ತಿನ ಬಾಡಿಗೆ ಸಂಕಟದ ಮಾತಾಡುವಾಗ ಹಳಬರು ಇದನ್ನು ನೆನಪಿಸುತ್ತಾರೆ.

ಮರಗಾಲ್ ಕೊನೆಯ ವರ್ಷಗಳಲ್ಲಿ ಬಡಾವಣೆಗಳಿಗೆ ಹೋಗಿ ಸಾಮಾನ್ಯರ ಮನೆಯಲ್ಲೇ ಉಳಿದು ಅವರ ಕಷ್ಟ ಕೇಳಿದರು. ಅವರ ನಂತರ ಜುಆನ್ ಕ್ಲೋಸ್. ಪೋಬ್ಲೆನೌದ ಹಳೆ ಕಾರ್ಖಾನೆಗಳನ್ನು ಐಟಿ ಕಚೇರಿಗಳಾಗಿಸಿದ '22@' ಯೋಜನೆ ಅವರ ಕಾಲದ್ದು, ನಮ್ಮವರು ಬಹಳ ಜನ ಕೆಲಸ ಮಾಡುವುದು ಅಲ್ಲೇ. 2006ರಲ್ಲಿ ಬಂದ ಜೊರ್ದಿ ಎರೆಯು ದಿಯಾಗೊನಾಲ್ ರಸ್ತೆ ಬದಲಿಸುವ ಬಗ್ಗೆ 2010ರಲ್ಲಿ ಜನಮತ ಕೇಳಿದರು. ಎರಡು ಹೊಸ ವಿನ್ಯಾಸಗಳ ಜೊತೆ 'ಎರಡೂ ಬೇಡ' ಎಂಬ ಮೂರನೆಯ ಆಯ್ಕೆ. ಓಟು ಹಾಕಿದ್ದು ಸುಮಾರು 12%, ಅದರಲ್ಲಿ ಸುಮಾರು 80% 'ಬೇಡ'. ಮರುವರ್ಷ ಅವರ ಪಕ್ಷ 32 ವರ್ಷಗಳ ಅಧಿಕಾರ ಕಳೆದುಕೊಂಡು ಶಾವಿಯೆರ್ ತ್ರಿಯಾಸ್ ಬಂದರು. 2015ರಲ್ಲಿ, ಮನೆ ಸಾಲ ಕಟ್ಟಲಾಗದೆ ಬೀದಿಗೆ ಬಿದ್ದವರ ಪರ ಹೋರಾಡಿದ ಆದಾ ಕೊಲಾವ್ ಮೊದಲ ಮಹಿಳಾ ಮೇಯರ್ ಆದರು. 2023ರಿಂದ ಜೌಮೆ ಕುಲ್ಬೋನಿ. ನಗರದ 10,101 ಪ್ರವಾಸಿ ಅಪಾರ್ಟ್‌ಮೆಂಟ್ ಪರವಾನಗಿಗಳನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲವೆಂದು ಘೋಷಿಸಿದ್ದು ಅವರೇ.

ಈಗ ಆಯ್ಕೆಯ ಕ್ರಮ. ನಾಲ್ಕು ವರ್ಷಕ್ಕೊಮ್ಮೆ ಮೇ ತಿಂಗಳ ನಾಲ್ಕನೇ ಭಾನುವಾರ ಮತದಾನ. ವಾರ್ಡ್ ಇಲ್ಲ, ಇಡೀ ನಗರಕ್ಕೆ ಪಕ್ಷಕ್ಕೊಂದು ಹೆಸರಿನ ಪಟ್ಟಿ. ಇಷ್ಟದ ಪಕ್ಷದ ಬಿಳಿ ಚೀಟಿಯನ್ನು ಲಕೋಟೆಗೆ ಹಾಕಬೇಕು, ಅಷ್ಟೇ. ಚೀಟಿಯಲ್ಲಿ ಹೆಸರು ಹೊಡೆದರೆ ಅಥವಾ ಗುರುತು ಹಾಕಿದರೆ ಮತ ಅಸಿಂಧು. 5% ಮತ ಸಿಗದ ಪಕ್ಷಕ್ಕೆ ಸ್ಥಾನವಿಲ್ಲ. ಇಪ್ಪತ್ತನೇ ದಿನ ಹೊಸ ಸಭೆ ಸೇರುತ್ತದೆ. ಅತಿ ಹಿರಿಯ ಮತ್ತು ಅತಿ ಕಿರಿಯ ಸದಸ್ಯರು ಪೀಠದಲ್ಲಿ ಕೂತು ಮತ ಎಣಿಸುತ್ತಾರೆ. 41 ಸದಸ್ಯರಲ್ಲಿ 21 ಜನರ ಮತ ಬಿದ್ದವರು ಮೇಯರ್. ಯಾರಿಗೂ 21 ಬೀಳದಿದ್ದರೆ ನಗರದಲ್ಲಿ ಅತಿ ಹೆಚ್ಚು ಮತ ಪಡೆದ ಪಟ್ಟಿಯ ಮೊದಲ ಹೆಸರು ತಾನಾಗಿ ಮೇಯರ್ ಆಗುತ್ತದೆ.

ಈ ಕೊನೆಯ ನಿಯಮವೇ ಎಲ್ಲ ಲೆಕ್ಕಾಚಾರದ ಮೂಲ. 2019ರಲ್ಲಿ ಪಾಸ್ಕ್ವಾಲ್ ಮರಗಾಲ್ ಅವರ ತಮ್ಮ ಎರ್ನೆಸ್ಟ್ ಮರಗಾಲ್ ಪಟ್ಟಿ ಕೊಲಾವ್ ಪಟ್ಟಿಗಿಂತ ಐದು ಸಾವಿರಕ್ಕೂ ಕಡಿಮೆ ಮತಗಳಿಂದ ಮುಂದಿತ್ತು, ಇಬ್ಬರಿಗೂ 10 ಸ್ಥಾನ. ಯಾರೂ ಕೂಡಿಕೊಳ್ಳದಿದ್ದರೆ ಎರ್ನೆಸ್ಟ್ ಅವರೇ ಮೇಯರ್. ಕೊಲಾವ್‌ಗೆ ಸಮಾಜವಾದಿಗಳ 8 ಸೇರಿ 18. ಫ್ರಾನ್ಸಿನ ಮಾಜಿ ಪ್ರಧಾನಿ ಮನುವೆಲ್ ವಾಲ್ಸ್ ಬಳಗದ 3 ಬಿದ್ದು 21. 2023ರಲ್ಲಿ 11 ಸ್ಥಾನದೊಂದಿಗೆ ತ್ರಿಯಾಸ್ ಮುಂದಿದ್ದರೂ 10 ಸ್ಥಾನದ ಕುಲ್ಬೋನಿಗೆ ಎಡಪಂಥೀಯರ 9, ಬಲಪಂಥೀಯರ 4 ಕೂಡಿ 23 ಆಯಿತು.

ಇಳಿಸುವುದು ಇನ್ನೂ ಕಷ್ಟ. ಅವಿಶ್ವಾಸ ಗೊತ್ತುವಳಿಗೆ 21 ಸಹಿ ಬೇಕು, ಮುಂದಿನ ಮೇಯರ್ ಹೆಸರೂ ಅದರಲ್ಲೇ ಇರಬೇಕು. ಹಾಗಾಗಿ ಸ್ಪಷ್ಟ ಬಹುಮತವಿಲ್ಲದ ಮೇಯರ್ ಕೂಡ ನಾಲ್ಕು ವರ್ಷ ಕೂರಬಹುದು. ಬಜೆಟ್ ಬಿದ್ದರೆ ಅದಕ್ಕೆ ಅಂಟಿಸಿ ವಿಶ್ವಾಸಮತ ಕೇಳಬಹುದು. ಸೋತ ಮೇಲೆ 30 ದಿನದೊಳಗೆ ವಿರೋಧಿಗಳು ಬೇರೆ ಮೇಯರ್‌ಗೆ ಒಮ್ಮತ ತರದಿದ್ದರೆ ಬಜೆಟ್ ತಾನಾಗಿ ಪಾಸು. ಕೊಲಾವ್ 2017ರಲ್ಲಿ, ಕುಲ್ಬೋನಿ 2024ರಲ್ಲಿ ಹೀಗೆಯೇ ಬಜೆಟ್ ದಾಟಿಸಿದರು. ಒಂದು ಅವಧಿಯಲ್ಲಿ ಇದಕ್ಕೆ ಎರಡೇ ಅವಕಾಶ, ಕೊನೆಯ ವರ್ಷ ಒಂದೂ ಇಲ್ಲ. ಪಾಲಿಕೆಯನ್ನೇ ವಿಸರ್ಜಿಸುವುದು ಬಲು ಅಪರೂಪ: ಇನ್ನೊಂದು ಕರಾವಳಿ ನಗರ ಮಾರ್ಬೆಲ್ಲಾದಲ್ಲಿ 2006ರ ಏಪ್ರಿಲ್‌ನಲ್ಲಿ, ಭ್ರಷ್ಟಾಚಾರದ ತನಿಖೆಯಲ್ಲಿ ಮೇಯರ್ ಬಂಧನವಾದ ಬೆನ್ನಿಗೆ, ಪ್ರಜಾಪ್ರಭುತ್ವ ಮರಳಿದ ಮೇಲೆ ಮೊದಲ ಬಾರಿಗೆ ಹಾಗಾಯಿತು.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಈ ಚುನಾವಣೆಯಲ್ಲಿ ಮತವಿಲ್ಲ. ಐರೋಪ್ಯ ಒಕ್ಕೂಟದವರಿಗೆ ಇದೆ, ಸ್ಪೇನ್ ಜೊತೆ ಪರಸ್ಪರ ಮತದ ಒಪ್ಪಂದವಿರುವ ಕೊಲಂಬಿಯಾ, ನಾರ್ವೆಯಂಥ ದೇಶದವರಿಗೂ ಇದೆ. ಭಾರತದ ಜೊತೆ ಅಂಥ ಒಪ್ಪಂದವಿಲ್ಲ. ಸ್ಪ್ಯಾನಿಷ್ ಪೌರತ್ವಕ್ಕೆ ನಮಗೆ 10 ವರ್ಷದ ಕಾನೂನುಬದ್ಧ ವಾಸ ಬೇಕು, ಅದು ಸಿಕ್ಕಾಗ ಭಾರತದ ಪೌರತ್ವ ಹೋಗುತ್ತದೆ. ಆದರೆ ಸದಸ್ಯರ ಸಂಖ್ಯೆ ನಿರ್ಧಾರವಾಗುವುದು ಮತದಾರರಿಂದಲ್ಲ, 'ಪದ್ರೋನ್' ಎಂಬ ನಿವಾಸಿ ದಾಖಲೆಯಿಂದ. ಲಕ್ಷ ಜನಸಂಖ್ಯೆಗೆ 25, ಮೇಲಿನ ಪ್ರತಿ ಲಕ್ಷಕ್ಕೆ ಅಥವಾ ಅದರ ಭಾಗಕ್ಕೆ ಒಂದು, ಸಮ ಸಂಖ್ಯೆ ಬಂದರೆ ಇನ್ನೊಂದು. 16 ಲಕ್ಷ ಮೀರಿದ್ದಕ್ಕೆ 41; 17 ಲಕ್ಷ ದಾಟಿದರೆ 43. ಆ ಎಣಿಕೆಯಲ್ಲಿ ನೀವೂ ಇದ್ದೀರಿ.

ದಾಖಲಾಗಲು ಶುಲ್ಕವಿಲ್ಲ. ಪಾಲಿಕೆಯ ನಾಗರಿಕ ಸೇವಾ ಕಚೇರಿಯಲ್ಲಿ ಸಮಯ ಗೊತ್ತುಮಾಡಿಕೊಂಡು ಮೂಲ ಪಾಸ್‌ಪೋರ್ಟ್ ಅಥವಾ ವಾಸದ ಕಾರ್ಡ್, ಬಾಡಿಗೆ ಕರಾರು ಒಯ್ಯಬೇಕು. ಕರಾರು ಬೇರೆಯವರ ಹೆಸರಲ್ಲಿದ್ದರೆ ಅವರ ಸಹಿಯ ಒಪ್ಪಿಗೆ ಪತ್ರ. ತೊಂದರೆಯಾಗುವುದು ಹೆಚ್ಚಾಗಿ ಇಲ್ಲೇ: ಕೊಠಡಿ ಬಾಡಿಗೆಗೆ ಕೊಟ್ಟವರು ಸಹಿಗೆ ಒಪ್ಪುವುದಿಲ್ಲ. ಮುಂಗಡ ಕೊಡುವ ಮುನ್ನವೇ ಇದನ್ನು ಕೇಳಿಕೊಳ್ಳಿ. ಇನ್ನೊಂದು ತೊಡಕು ಎರಡು ವರ್ಷದ ಗಡುವು. ದೀರ್ಘಾವಧಿ ವಾಸದ ಪರವಾನಗಿ ಇಲ್ಲದ ಒಕ್ಕೂಟದ ಹೊರಗಿನವರು ಎರಡು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಹೆಸರು ಬಿದ್ದುಹೋಗುತ್ತದೆ, ವಾಸದ ವರ್ಷಗಳನ್ನು ತೋರಿಸಬೇಕಾದ ಅರ್ಜಿಗಳಲ್ಲಿ ಆ ಅಂತರ ಕಾಡುತ್ತದೆ. ಹೆಸರು ಉಳಿದಿದ್ದರೆ ಮತವಿಲ್ಲದೆಯೂ ಬಾಯಿ ಇದೆ: 10 ಜಿಲ್ಲೆಗಳ 73 ಬಡಾವಣೆಗಳಲ್ಲಿ ನಡೆಯುವ ಬಡಾವಣೆ ಸಭೆಗಳಿಗೆ ನಿವಾಸಿಗಳು ಹೋಗಿ ಮಾತಾಡಬಹುದು. ಮುಂದಿನ ಪಾಲಿಕೆ ಚುನಾವಣೆ 2027ರ ಮೇ 23ಕ್ಕೆ. ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಆ ಸಭೆಗಳಲ್ಲಿ ಕೇಳಿದ ಬೀದಿ ದೀಪ, ಆಟದ ಮೈದಾನ, ಬಸ್ ನಿಲ್ದಾಣಗಳಿಗೆ ಉತ್ತರ ಬೇಗ ಬರುತ್ತದೆ.