ಲಾರಿಗೆ ಡ್ರೈವರ್ ಯಾಕೆ ಸಿಗುತ್ತಿಲ್ಲ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ಅಲ್ರೀ, ಊರ ತುಂಬ ಹುಡುಗ್ರು ಖಾಲಿ ತಿರಗ್ತಾರ. ಲಾರಿ ನಡಸಾಕ ಒಬ್ಬ ಡ್ರೈವರ್ ಸಿಗವಲ್ಲ ಅಂತೀರಿ, ಹೆಂಗ?”

ಗಂಗಾವತಿಯ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಬುಕಿಂಗ್ ಬರೆಯುವ ನನಗೆ ಇದನ್ನು ರೈಸ್ ಮಿಲ್ ಸಾಹುಕಾರರು ಕೇಳುತ್ತಾರೆ, ಗಾಡಿ ಓನರ್‌ಗಳು ಕೇಳುತ್ತಾರೆ, ಮದುವೆಮನೆಯಲ್ಲಿ ಸಿಕ್ಕ ನೆಂಟರೂ ಕೇಳುತ್ತಾರೆ. ಸುಗ್ಗಿ ಬಂತೆಂದರೆ ಕಾರಟಗಿ, ಸಿಂಧನೂರಿನಿಂದಲೂ ಇದೇ ಫೋನು. ಗಾಡಿ ಮನೆ ಮುಂದೆ ನಿಂತಿರುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ, ಸ್ಟೇರಿಂಗ್ ಹಿಡಿಯುವವನಿಲ್ಲ.

ಗಾಡಿ ಓಡಿಸಬಲ್ಲವರಿಗೆ ನಮ್ಮಲ್ಲಿ ಬರವಿಲ್ಲ. ಹೆವಿ ಲೈಸೆನ್ಸ್ ಇದ್ದವರು ಶಾಲೆ ಬಸ್ಸಿನಲ್ಲಿದ್ದಾರೆ, ಮರಳಿನ ಟಿಪ್ಪರಿನಲ್ಲಿದ್ದಾರೆ, ಕೆಲವರು ಜೆಸಿಬಿ ಕಲಿತು ಊರಲ್ಲೇ ಉಳಿದಿದ್ದಾರೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ಚಾಲಕರ ಹುದ್ದೆಗೆ ಅರ್ಜಿ ಕರೆದರೆ ಇವರೇ ಮೊದಲು ಓಡುತ್ತಾರೆ. ಇವರ್‍ಯಾರೂ ರಸ್ತೆಗೆ ಹೆದರಿದವರಲ್ಲ. ಲಾರಿ ಬಿಟ್ಟು ಶಾಲೆ ಬಸ್ಸು ಹಿಡಿದ ನಮ್ಮ ಹುಡುಗನೊಬ್ಬ ಹೇಳಿದ ಮಾತು ನನಗೆ ಪೂರ್ತಿ ನಿಜ ಅನ್ನಿಸುತ್ತದೆ: “ನಡಸೋದು ಕಷ್ಟ ಅಲ್ಲಣ್ಣ, ನಿಂದ್ರೋದು ಕಷ್ಟ.”

ಡ್ರೈವರಿಗೆ ದುಡ್ಡು ಟ್ರಿಪ್ ಲೆಕ್ಕದಲ್ಲಿ, ಮೇಲೆ ಒಂದಿಷ್ಟು ಬತ್ತಾ. ಚಕ್ರ ಉರುಳಿದರೆ ಸಂಪಾದನೆ, ನಿಂತರೆ ಇಲ್ಲ. ಆದರೆ ಗಾಡಿ ನಿಲ್ಲುವುದು ಅವನಿಂದಲ್ಲ. ಲೋಡಿಗೆ ಮಿಲ್ಲಿಗೆ ಹೋದರೆ ಹಮಾಲರು ಇನ್ನೊಂದು ಗಾಡಿಗೆ ಹತ್ತಿರುತ್ತಾರೆ, ಮಾಲು ಕೊಳ್ಳುವ ಪಾರ್ಟಿಯ ಹೆಸರು ಅಚ್ಚಾದ ಚೀಲ ಬಂದಿರುವುದಿಲ್ಲ, ಗಾಡಿ ತೂಗುವ ವೇ ಬ್ರಿಡ್ಜ್ ಮುಂದೆ ಸಾಲು ಇರುತ್ತದೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲಲ್ಲಿ ಹಳೇ ಗಾಡಿಯ ಕ್ಯಾಬಿನ್ ಒಳಗೆ ಕೂರಲಾಗುವುದಿಲ್ಲ; ಸೀಟಿನ ಪಕ್ಕದ ಇಂಜಿನ್ ಮುಚ್ಚಳದ ಕಾವು ಇಂಜಿನ್ ಬಂದ್ ಮಾಡಿ ಎಷ್ಟೋ ಹೊತ್ತಾದರೂ ಇಳಿಯುವುದಿಲ್ಲ. ಅವನು ಖಾಲಿ ಚೀಲ ಹಾಸಿಕೊಂಡು ಗಾಡಿಯ ಅಡಿಗೆ, ಟೈರುಗಳ ನಡುವೆ ಮಲಗುತ್ತಾನೆ. ಹಾಗೆ ಮಲಗಿದವರ ಮೇಲೆ ಗಾಡಿ ಹರಿದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಹೋಟೆಲ್ಲಿಗೆ ಹೋಗಿ ಕೂರೋಣವೆಂದರೆ ಕರೆದಾಗ ಇಲ್ಲದಿದ್ದರೆ ಸರದಿ ತಪ್ಪುತ್ತದೆ. ಬ್ಯಾಟರಿಯೋ ಡೀಸೆಲ್ಲೋ ಕಳುವಾದರೆ ಅದೂ ಅವನ ಲೆಕ್ಕಕ್ಕೆ. ಎಷ್ಟೋ ಕಡೆ ಶೌಚಾಲಯ ಆಫೀಸಿನವರಿಗೆ ಮಾತ್ರ, ಅವನಿಗೆ ಕಾಂಪೌಂಡಿನ ಹಿಂದಿನ ಜಾಲಿಗಿಡ.

ಇತ್ತ ಲೋಡಾದ ಮೇಲೆ ಅತ್ತ ಇನ್ನೊಂದು ಕಾಯುವಿಕೆ. ಯಶವಂತಪುರದ ಯಾರ್ಡಿಗೆ ಅಕ್ಕಿ ಹೋಗಬೇಕು, ಬೆಂಗಳೂರಿನೊಳಗೆ ಹಗಲು ದೊಡ್ಡ ಗಾಡಿಗೆ ನಿರ್ಬಂಧ. ಊರಾಚೆ ನಿಂತು ರಾತ್ರಿಗೆ ಕಾಯಬೇಕು, ಒಳಗೆ ಹೋದ ಮೇಲೆ ಅನ್‌ಲೋಡಿಗೆ ಕಾಯಬೇಕು. ಒಂದು ಚೀಲ ನೆನೆದಿದ್ದರೆ ಶಾರ್ಟೇಜ್ ಎಂದು ಬಾಡಿಗೆಯಲ್ಲಿ ಕಡಿತ, ಕೊನೆಗೆ ಅದೂ ಡ್ರೈವರಿನ ತಲೆಗೆ. ಹೀಗೆ ಹೋದ ಹೊತ್ತನ್ನೆಲ್ಲ ಅವನು ರಸ್ತೆಯ ಮೇಲೆ, ನಿದ್ದೆಗೆಟ್ಟು ತುಂಬಿಕೊಳ್ಳುತ್ತಾನೆ. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ, ವಾರಕ್ಕೊಂದು ರಜೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಮ್ಮ ಆಫೀಸಿಗೆ ಬರುವ ಡ್ರೈವರುಗಳಲ್ಲಿ ಆ ರಜೆ ಕಂಡವರನ್ನು ನಾನು ನೋಡಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಎತ್ತುವುದಿಲ್ಲ, ನನಗೆ ಅದೇ ದೊಡ್ಡದು. ಕ್ಲೀನರ್ ಎಲ್ಲಿ ಹೋದ? ಹಿಂದೆ ಪ್ರತಿ ಗಾಡಿಯಲ್ಲೂ ಒಬ್ಬ ಹುಡುಗ ಇರುತ್ತಿದ್ದ. ಟೈರ್ ತಟ್ಟಿ ಗಾಳಿ ನೋಡುತ್ತಿದ್ದ, ರಿವರ್ಸಿಗೆ ಹಿಂದೆ ನಿಂತು “ಬರ್ಲಿ, ಬರ್ಲಿ” ಎನ್ನುತ್ತಿದ್ದ, ತಾಡಪಾಲು ಎಳೆದು ಹಗ್ಗ ಬಿಗಿಯುತ್ತಿದ್ದ, ರಾತ್ರಿ ಮಾತಾಡುತ್ತ ಡ್ರೈವರನ್ನು ಎಚ್ಚರ ಇಡುತ್ತಿದ್ದ. ಖಾಲಿ ರಸ್ತೆ ಸಿಕ್ಕಾಗ ಗುರು ಸ್ಟೇರಿಂಗ್ ಕೊಡುತ್ತಿದ್ದ. ಇವತ್ತಿನ ಹಿರಿಯ ಡ್ರೈವರುಗಳಲ್ಲಿ ಬಹಳ ಜನ ಹಾಗೆ ತಯಾರಾದವರು. ಆ ಪದ್ಧತಿಯಲ್ಲಿ ಬೈಗುಳ, ಹೊಡೆತ ಇತ್ತು, ಎಳೆಯ ಮಕ್ಕಳನ್ನೂ ದುಡಿಸುತ್ತಿದ್ದರು, ಅದು ಹೋಗಬೇಕಾದದ್ದೇ. ಆದರೆ ಓನರ್‌ಗಳು ಕ್ಲೀನರನ್ನು ತೆಗೆದದ್ದು ಮಕ್ಕಳ ಮೇಲಿನ ಕನಿಕರದಿಂದಲ್ಲ, ಅವನ ಬತ್ತಾ ಉಳಿಯಲೆಂದು. ವಯಸ್ಸಿಗೆ ಬಂದ ಹುಡುಗನಿಗೆ ಸಂಬಳ ಕೊಟ್ಟು ಕಲಿಸಬಹುದಿತ್ತು, ಕಲಿಸಲಿಲ್ಲ. ಬೀಜ ಬಿತ್ತದ ಹೊಲದಲ್ಲಿ ಈಗ ಫಸಲು ಹುಡುಕುತ್ತಿದ್ದೇವೆ. ಇಬ್ಬರ ಕೆಲಸ ಒಬ್ಬನ ಮೇಲೆ ಬಿತ್ತು, ಅವನೂ ಬಿಟ್ಟು ಹೋಗುತ್ತಿದ್ದಾನೆ.

ಬಳ್ಳಾರಿ ಕಡೆಯವರಿಗೆ ಇನ್ನೊಂದು ನೆನಪಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರು, ಹೊಸಪೇಟೆ ಸುತ್ತ ಅದಿರು ಹೊರುತ್ತಿದ್ದ ಲಾರಿಗಳು ಸಾಲಾಗಿ ನಿಂತವು, ಕಂತು ಕಟ್ಟಲಾಗದ ಗಾಡಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಅಕ್ರಮ ಗಣಿಗಾರಿಕೆ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡ್ರೈವರಿಗೆ ಪಿಎಫ್ ಇರಲಿಲ್ಲ, ಕೆಲಸದ ಪತ್ರ ಇರಲಿಲ್ಲ, ಕೈಗೆ ಏನೂ ಬರಲಿಲ್ಲ. ಅದನ್ನು ಮನೆಯಲ್ಲಿ ಕಂಡ ಮಕ್ಕಳು ಈಗ ದುಡಿಯುವ ವಯಸ್ಸಿಗೆ ಬಂದಿದ್ದಾರೆ. ಲಾರಿ ಡ್ರೈವರಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುವುದೂ ಇದಕ್ಕೇ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಲೈಸೆನ್ಸಿಗೆ 8ನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದರು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಒಳ್ಳೆಯದೇ. ಆದರೆ ಹಳೇ ಗಾಡಿಗಳು ಇನ್ನೂ ಎಷ್ಟೋ ವರ್ಷ ಓಡುತ್ತವೆ, ಹೊಸ ಗಾಡಿಯಲ್ಲೂ ಇಂಜಿನ್ ಚಾಲೂ ಇದ್ದರೆ ಎಸಿ. ಗೇಟಿನ ಹೊರಗೆ ದಿನವಿಡೀ ನಿಂತವನಿಗೆ ಇಂಜಿನ್ ಚಾಲೂ ಇಡಲು ಡೀಸೆಲ್ ಯಾರು ಕೊಡುತ್ತಾರೆ?

“ಪಗಾರ ಜಾಸ್ತಿ ಮಾಡಿದರ ಬರ್ತಾರೇನು?” ಎಂದು ಮುಂದಿನ ಪ್ರಶ್ನೆ ಬರುತ್ತದೆ. ಟ್ರಿಪ್ ದುಡ್ಡಿಗೆ ನಾಲ್ಕು ಕಾಸು ಸೇರಿಸಿದರೆ ಅವನು ಇನ್ನೂ ನಿದ್ದೆಗೆಟ್ಟು ಓಡಿಸುತ್ತಾನೆ ಅಷ್ಟೇ. ನಿಂತ ಹೊತ್ತಿಗೆ ದುಡ್ಡು ಕೊಡಿ. ಎಷ್ಟೋ ಬಾಡಿಗೆಗಳಲ್ಲಿ ಹಾಲ್ಟಿಂಗ್ ಎಂಬುದೊಂದು ಇದೆ, ಅಂದರೆ ಗಾಡಿ ಕಾಯಿಸಿದ್ದಕ್ಕೆ ಕೊಡುವ ದುಡ್ಡು; ಪಾರ್ಟಿಯವರು ಬಲು ಜಗ್ಗಾಡಿ ಕೊಡುತ್ತಾರೆ, ಕೊಟ್ಟದ್ದು ಓನರ್ ಖಾತೆಗೆ ಹೋಗುತ್ತದೆ, ಕಾದವನಿಗೆ ಮುಟ್ಟುವುದಿಲ್ಲ. ಅದರಲ್ಲಿ ಡ್ರೈವರಿನ ಪಾಲು ಇಷ್ಟು ಎಂದು ಗಾಡಿ ಗೊತ್ತುಮಾಡುವಾಗಲೇ ಬರೆಯಬೇಕು. ಗೇಟಿಗೆ ಬಂದ ಗಂಟೆ, ಲೋಡಾಗಿ ಹೊರಟ ಗಂಟೆ ಎರಡನ್ನೂ ಮಿಲ್ಲಿನವರು ಚೀಟಿಯಲ್ಲಿ ಹಾಕಿ ಸಹಿ ಮಾಡಬೇಕು. ಕಾಯಿಸಿದ ಹೊತ್ತಿಗೂ ದುಡ್ಡು ತೆರಬೇಕಾಗಿ ಬಂದರೆ ಸಾಹುಕಾರರೇ ಹಮಾಲರನ್ನು ಮೊದಲು ಕರೆಸಿ, ಆಮೇಲೆ ಗಾಡಿ ಕರೆಸುತ್ತಾರೆ. ಗೋದಾಮಿನ ಮಗ್ಗುಲಲ್ಲಿ ಒಂದು ತಗಡಿನ ನೆರಳು, ಫ್ಯಾನು, ನೀರು, ಶೌಚಾಲಯ ಮಾಡಿಸಲು ಯಾವ ಮಿಲ್ಲಿಗೂ ದುಡ್ಡಿನ ಕೊರತೆ ಇಲ್ಲ. ಈ ಸುಗ್ಗಿಯಲ್ಲಿ ಗಾಡಿ ಕೇಳಿ ಬರುವವರ ಮುಂದೆ ನಾನು ಬಾಡಿಗೆಯ ಮಾತಿಗಿಂತ ಮೊದಲು ಇದನ್ನೇ ಇಡುತ್ತೇನೆ.