ಗಾಜಿನ ಡಬ್ಬಿಯಲ್ಲಿ ಶಿರಾಡಿ ಘಟ್ಟ ಹತ್ತಿದ್ದು

ಶಿರಸಿ ಕಡೆಯವರಿಗೆ ರೈಲು ಎಂದರೆ ಊರು ಬಿಟ್ಟು ಹೋಗಿ ಹತ್ತಬೇಕಾದ ವಾಹನ. ಹಾವೇರಿಗೋ, ಹುಬ್ಬಳ್ಳಿಗೋ, ತಾಳಗುಪ್ಪಕ್ಕೋ ಹೋಗಬೇಕು, ಇಲ್ಲವಾದರೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರಬೇಕು. ಸುತ್ತಲೂ ಇಷ್ಟೊಂದು ಬೆಟ್ಟ ಕಾಡುಗಳನ್ನು ಇಟ್ಟುಕೊಂಡ ನಮ್ಮ ಜಿಲ್ಲೆಯಲ್ಲಿ ಘಟ್ಟವನ್ನು ರೈಲಿನಲ್ಲಿ ಕುಳಿತು ದಾಟಬೇಕೆಂದರೆ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಒಂದೇ ಗತಿ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತನ್ನು ನಾವು ದಶಕಗಳಿಂದ ಕೇಳುತ್ತಲೇ ಇದ್ದೇವೆ. ಹೀಗಾಗಿ ಕಾರವಾರದಲ್ಲಿ ಶಿಕ್ಷಕಿಯಾಗಿರುವ ನಾನು 2024ರ ನವರಾತ್ರಿ ರಜೆಯಲ್ಲಿ ಅಪ್ಪಯ್ಯ ಮತ್ತು ಆಯಿಯನ್ನು ಘಟ್ಟದ ರೈಲಿಗೆ ಕರೆದೊಯ್ಯಬೇಕೆಂದುಕೊಂಡಾಗ, ಕಾರವಾರದಿಂದ ಹೊರಟು ಇಡೀ ಕರಾವಳಿಯನ್ನು ದಕ್ಷಿಣಕ್ಕೆ ಇಳಿದು, ದಕ್ಷಿಣ ಕನ್ನಡದ ಕಡೆಯಿಂದ ಶಿರಾಡಿ ಘಟ್ಟವನ್ನು ಹತ್ತಿ ಯಶವಂತಪುರ ಸೇರುವ ಹಗಲು ರೈಲನ್ನೇ ಆರಿಸಬೇಕಾಯಿತು.

ವಾರಕ್ಕೆ ಮೂರು ದಿನ ಓಡುವ ಈ ರೈಲಿಗೆ 2021ರಿಂದ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಿದ್ದಾರೆ. ನಮ್ಮಲ್ಲಿ ಜನ ಅದನ್ನು ಗಾಜಿನ ಡಬ್ಬಿ ಎನ್ನುತ್ತಾರೆ. ಚೆನ್ನೈನ ಪೆರಂಬೂರಿನ ಕಾರ್ಖಾನೆಯಲ್ಲಿ ತಯಾರಾದ ಈ ಬೋಗಿಯಲ್ಲಿ 44 ಆಸನಗಳು ಮಾತ್ರ ಇವೆ. ಕಿಟಕಿಗಳು ಗೋಡೆಯ ಬಹುಭಾಗವನ್ನು ತುಂಬಿವೆ, ಚಾವಣಿಯಲ್ಲೂ ಗಾಜಿದೆ, ಆಸನವನ್ನು ಪೂರ್ತಿ ಹಿಂದಕ್ಕೆ ತಿರುಗಿಸಬಹುದು, ಒಂದು ತುದಿಯಲ್ಲಿ ನಿಂತು ನೋಡಲೆಂದೇ ಬಿಟ್ಟ ಜಾಗವಿದೆ. ಟಿಕೆಟಿನ ದರವು ಸಾದಾ ಸೆಕೆಂಡ್ ಸಿಟ್ಟಿಂಗ್‌ಗಿಂತ ಹಲವು ಪಟ್ಟು ಹೆಚ್ಚು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಅಪ್ಪಯ್ಯನಿಗೆ ಆ ಪಟ್ಟುಗಳ ಲೆಕ್ಕ ಬಾಯಿಪಾಠವಾಗಿದ್ದರಿಂದ, ನಾನು ಟಿಕೆಟ್ ತೆಗೆದ ಮೇಲೆಯೇ ಅವರಿಗೆ ವಿಷಯ ತಿಳಿಸಿದೆ.

ಕಾರವಾರದ ನಿಲ್ದಾಣ ಇರುವುದು ಊರಿನಿಂದ ಆಚೆ, ಶಿರವಾಡದಲ್ಲಿ. ರೈಲು ನಸುಕಿನಲ್ಲೇ ಹೊರಡುವುದರಿಂದ, ಕಾರವಾರದ ಸುಮಾರು ಮೂರು ಕಿಲೋಮೀಟರ್ ಉದ್ದದ ಸುರಂಗಕ್ಕೂ ಹೊರಗಿನ ಕತ್ತಲೆಗೂ ನಮಗೆ ಹೆಚ್ಚಿನ ವ್ಯತ್ಯಾಸ ತಿಳಿಯಲಿಲ್ಲ. ಅಂಕೋಲಾ ಕಳೆದು ಗಂಗಾವಳಿಯನ್ನು ದಾಟುವಾಗ ಬೋಗಿಯಲ್ಲಿದ್ದ ಊರಿನವರೆಲ್ಲ ಒಂದು ಕ್ಷಣ ಕಿಟಕಿಯ ಕಡೆ ತಿರುಗಿದರು. ಆ ವರ್ಷ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಆ ನದಿಗೆ ತಳ್ಳಿ ಮೂರು ತಿಂಗಳೂ ಕಳೆದಿರಲಿಲ್ಲ. ಹೊನ್ನಾವರ ತಲುಪುವ ಹೊತ್ತಿಗೆ ಬೆಳಕು ಚೆನ್ನಾಗಿ ಹರಿದಿತ್ತು. ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯು ಕೊಂಕಣ ರೈಲ್ವೆಯ ಎಲ್ಲ ಸೇತುವೆಗಳಲ್ಲಿ ಅತಿ ಉದ್ದನೆಯದು. ಅದರ ಮೇಲೆ ಹೋಗುವಾಗ ಒಂದು ಕಡೆ ಅಳಿವೆ, ಇನ್ನೊಂದು ಕಡೆ ತೆಂಗಿನ ತೋಟಗಳ ಕುರ್ವೆಗಳು ಎಂಬ ನಡುಗಡ್ಡೆಗಳು, ಅವುಗಳ ಹಿಂದೆ ಗೇರುಸೊಪ್ಪೆಯ ದಿಕ್ಕಿನ ಬೆಟ್ಟಸಾಲು ಒಟ್ಟಿಗೇ ಕಾಣುತ್ತವೆ. ಇಲ್ಲಿ ದೊಡ್ಡ ಕಿಟಕಿಗೆ ಕೊಟ್ಟ ಹಣ ಸಾರ್ಥಕವಾಯಿತು.

ಆದರೆ ಚಾವಣಿಯ ಗಾಜಿನ ವಿಷಯದಲ್ಲಿ ಹಾಗೆ ಹೇಳಲಾರೆ. ಭಟ್ಕಳ, ಬೈಂದೂರು, ಕುಂದಾಪುರದ ಉದ್ದಕ್ಕೂ ನೋಡಬೇಕಾದುದೆಲ್ಲ ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರುತ್ತದೆ. ಗದ್ದೆ, ಹೊಳೆ, ಉಪ್ಪುನೀರಿನ ತೋಡು, ಹಂಚಿನ ಮನೆ. ತಲೆಯ ಮೇಲೆ ಬರಿಯ ಆಕಾಶ, ಮತ್ತು ಎಂಟು ಗಂಟೆಯ ಮೇಲೆ ನೆತ್ತಿಗೆ ಇಳಿಯುವ ಅಕ್ಟೋಬರಿನ ಬಿಸಿಲು. ಆಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಇಷ್ಟು ದುಡ್ಡು ಕೊಟ್ಟು ಸೂರಿಲ್ಲದ ಮನೆಯಲ್ಲಿ ಕುಳಿತಂತಾಯಿತೆಂದು ನಕ್ಕಳು. ಬೋಗಿಯ ಬಹುತೇಕ ಮಂದಿ ಮಂಗಳೂರಿನ ತನಕ ನಿದ್ದೆ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ನಾವು ಮಾತ್ರ ಬಾಳೆಲೆಯಲ್ಲಿ ಕಟ್ಟಿ ತಂದಿದ್ದ ಕೊಟ್ಟೆ ಕಡುಬನ್ನೂ ತೊಡದೇವನ್ನೂ ಸುತ್ತಲಿನವರೊಡನೆ ಹಂಚಿಕೊಂಡು ತಿಂದೆವು.

ತಿರುಗುವ ಆಸನದ ಉಪಯೋಗ ನನಗೆ ಅರ್ಥವಾದದ್ದು ಮಂಗಳೂರು ಜಂಕ್ಷನ್ನಿನಲ್ಲಿ. ಉತ್ತರದಿಂದ ಬಂದ ರೈಲು ಅಲ್ಲಿ ನಿಂತು, ಎಂಜಿನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದು, ಬಂದ ದಿಕ್ಕಿನಲ್ಲೇ ಸ್ವಲ್ಪ ಹಿಂದೆ ಸರಿದು ಪಡೀಲಿನಲ್ಲಿ ಹಾಸನದ ಹಳಿಗೆ ಹೊರಳುತ್ತದೆ. ಸಾದಾ ಬೋಗಿಯಲ್ಲಾದರೆ ಮುಂದಕ್ಕೆ ಮುಖ ಮಾಡಿದ್ದವರು ಉಳಿದ ಪ್ರಯಾಣವನ್ನು ಬೆನ್ನು ಹಾಕಿ ಮಾಡಬೇಕು. ಇಲ್ಲಿ ಎಲ್ಲರೂ ಎದ್ದು, ಕಾಲಿನಿಂದ ಸನ್ನೆಯನ್ನು ಒತ್ತಿ ಆಸನಗಳನ್ನು ತಿರುಗಿಸಿದರು. ಅದುವರೆಗೆ ಒಬ್ಬರೊಡನೊಬ್ಬರು ಮಾತನಾಡದೆ ಇದ್ದವರು ಈ ಗದ್ದಲದಲ್ಲಿ ಪರಿಚಯ ಮಾಡಿಕೊಂಡರು.

ಪುತ್ತೂರು ದಾಟಿದ ಮೇಲೆ ಅಪ್ಪಯ್ಯ ನೆಟ್ಟಗೆ ಕುಳಿತರು. ಎಂಬತ್ತರ ದಶಕದಲ್ಲಿ ಅವರ ಬ್ಯಾಂಕಿನ ಮೊದಲ ಊರು ಪುತ್ತೂರಾಗಿತ್ತು. ಹಾಸನ–ಮಂಗಳೂರು ಹಳಿಯು 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದುಕೊಂಡಿತು. ತೊಂಬತ್ತರ ದಶಕದಲ್ಲಿ ಹಳಿ ಅಗಲ ಮಾಡಲೆಂದು ರೈಲು ನಿಲ್ಲಿಸಿದವರು ಪ್ರಯಾಣಿಕರಿಗೆ ಅದನ್ನು ಮತ್ತೆ ಬಿಟ್ಟುಕೊಟ್ಟದ್ದು 2007ರ ಕೊನೆಗೆ. ಅಂದರೆ ಒಂದು ತಲೆಮಾರಿನ ಮಕ್ಕಳು ಈ ಘಟ್ಟದಲ್ಲಿ ರೈಲನ್ನೇ ಕಾಣದೆ ಶಾಲೆ ಮುಗಿಸಿದರು. ಅಪ್ಪಯ್ಯ ಈ ದಾರಿಯಲ್ಲಿ ಓಡಾಡಿದ್ದು ಆ ಮೀಟರ್ ಗೇಜ್ ಕಾಲದಲ್ಲಿ, ಆಮೇಲೆ ಈಗಲೇ.

ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ. ಹಳಬರಿಗೆ ಅದು ಇಂದಿಗೂ ನೆಟ್ಟಣವೇ. ಇಲ್ಲಿಂದ ಸಕಲೇಶಪುರದವರೆಗಿನ 55 ಕಿಲೋಮೀಟರ್ ದಾರಿಯು ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ಏರು. ಕಾರಿನಲ್ಲಿ ಹೋಗುವವರಿಗೆ ಅದು ಏರೆಂದೇ ಅನಿಸಲಾರದು, ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಹಿಡಿತ ಸಾಧಿಸಿ ಇಷ್ಟು ಭಾರವನ್ನು ಎತ್ತಬೇಕಾದಾಗ ಅದು ದೊಡ್ಡ ಏರೇ. ಆದುದರಿಂದ ಘಟ್ಟ ಹತ್ತುವ ರೈಲಿಗೆ ಇಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಮುಂದಿನದು ಎಳೆಯುತ್ತದೆ, ಹಿಂದಿನವು ದೂಡುತ್ತವೆ. ಕೊಂಕಣ ಹಳಿಯುದ್ದಕ್ಕೂ ವಿದ್ಯುತ್ ತಂತಿಯ ಕೆಳಗೇ ಬಂದಿದ್ದರೂ ಘಟ್ಟದಲ್ಲಿ ಆಗಿನ್ನೂ ಆ ತಂತಿ ಇರಲಿಲ್ಲವಾದ್ದರಿಂದ ಎಲ್ಲವೂ ಡೀಸೆಲ್ ಎಂಜಿನ್‌ಗಳೇ. ಜೋಡಣೆಯ ಸಣ್ಣ ಧಕ್ಕೆ ನಮ್ಮ ಬೋಗಿಗೂ ತಾಗಿತು. ಇದೇ ಮಾದರಿಯ ಬೋಗಿಯನ್ನು ಪರೀಕ್ಷೆಯಲ್ಲಿ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಓಡಿಸಿ ನೋಡಿದ್ದರಂತೆ ಎಂದು ನಾನು ಹೇಳಿದಾಗ ಪಕ್ಕದವರು ನಕ್ಕರು. ಘಟ್ಟದಲ್ಲಿ ರೈಲಿಗೆ ಇರುವ ವೇಗದ ಮಿತಿ 30.

ಈ ಇಡೀ ಪ್ರಯಾಣದಲ್ಲಿ ನಾನು ಕಂಡ ನಿಜವಾದ ಐಷಾರಾಮ ಈ ಮೂವತ್ತರ ವೇಗವೇ. ಮೆತ್ತಗಿನ ಆಸನವನ್ನೂ ತಂಪು ಗಾಳಿಯನ್ನೂ ದುಡ್ಡು ಕೊಟ್ಟು ಎಲ್ಲಿ ಬೇಕಾದರೂ ಪಡೆಯಬಹುದು. ಆದರೆ ಒಂದು ಮರವನ್ನು ಬುಡದಿಂದ ನೆತ್ತಿಯ ತನಕ ನೋಡಿ ಮುಗಿಸುವಷ್ಟು ಹೊತ್ತು ಅದರ ಮುಂದೆ ನಮ್ಮನ್ನು ಇರಿಸುವ ವಾಹನ ಈಗ ಅಪರೂಪ. ಇಲ್ಲಿ ಚಾವಣಿಯ ಗಾಜೂ ಕೊನೆಗೆ ಕೆಲಸಕ್ಕೆ ಬಂತು. ಸಿರಿಬಾಗಿಲು ಕಳೆದ ಮೇಲೆ ಒಂದು ಪಕ್ಕದ ಗುಡ್ಡವು ಹಳಿಯ ಅಂಚಿನಿಂದಲೇ ಮೇಲೆದ್ದು, ಬೈನೆ ಮರಗಳೂ ಬೆತ್ತದ ಹಿಂಡುಗಳೂ ನೇರವಾಗಿ ತಲೆಯ ಮೇಲೆ ಬಾಗಿಕೊಂಡವು. ಇನ್ನೊಂದು ಪಕ್ಕದಲ್ಲಿ ನೆಲವೇ ಇಲ್ಲದೆ, ಮರಗಳ ನೆತ್ತಿಗಳು ಮಾತ್ರ ಕಾಣುತ್ತಿದ್ದವು. ಕೊರೆದ ಬಂಡೆಗಳ ಮೇಲೆ ಇನ್ನೂ ಒಣಗದ ನೀರು ಜಿನುಗುತ್ತಿತ್ತು, ಸಂದುಗಳಲ್ಲಿ ಕರ್ಣಕುಂಡಲದ ಕೊನೆಯ ಹೂಗಳಿದ್ದವು.

ಸುರಂಗಗಳು 57. ಮುಂದಿನ ಸಾಲಿನ ಇಬ್ಬರು ಮಕ್ಕಳು ಎಣಿಸತೊಡಗಿ, ನಡುವೆ ಜಗಳವಾಡಿ, ಕೊನೆಗೆ ಬೇರೆ ಬೇರೆ ಲೆಕ್ಕದೊಂದಿಗೆ ಮುಂದುವರಿದರು. ಒಂದು ಸುರಂಗದಿಂದ ಹೊರಬಿದ್ದರೆ ಸೇತುವೆ, ಸೇತುವೆ ಮುಗಿಯುವಲ್ಲಿ ತಿರುವು, ತಿರುವಿನ ಆಚೆ ಮತ್ತೊಂದು ಸುರಂಗ. ದೊಡ್ಡ ತಿರುವುಗಳಲ್ಲಿ ನಮ್ಮದೇ ರೈಲಿನ ಎಂಜಿನ್ ಕಣಿವೆಯ ಆಚೆ ಬದಿಯಲ್ಲಿ ಬೇರೆ ರೈಲಿನದೇನೋ ಎಂಬಂತೆ ಕಾಣುತ್ತಿತ್ತು. ಬಹಳ ಕೆಳಗೆ ಹೊಳೆಯ ಬಿಳಿ ಗೆರೆ. ಮೊಬೈಲ್ ಸಿಗ್ನಲ್ ಹೋಗಿ ಬಹಳ ಹೊತ್ತಾಗಿತ್ತು. ಆದರೂ ಫೋಟೋ ತೆಗೆಯಲು ಎಲ್ಲರ ಕೈಯಲ್ಲೂ ಮೊಬೈಲ್ ಇದ್ದೇ ಇತ್ತು, ಮತ್ತು ಎಲ್ಲರ ಫೋಟೋದಲ್ಲೂ ಗಾಜಿನ ಮೇಲೆ ಬಿದ್ದ ಅವರವರದೇ ನೆರಳು ಬಂದಿತ್ತು.

ಯಡಕುಮೇರಿಯಲ್ಲಿ ರೈಲು ಎದುರಿನ ಗೂಡ್ಸ್ ಗಾಡಿಗಾಗಿ ನಿಂತಿತು. ರಸ್ತೆಯ ಸಂಪರ್ಕವಿಲ್ಲದಂಥ ಕಾಡಿನ ನಡುವಿನ ಈ ನಿಲ್ದಾಣಕ್ಕೆ ಹಿಂದೆ ಹಳಿಯ ಮೇಲೆ ನಡೆದು ಬರುವ ಚಾರಣಿಗರ ಸಾಲೇ ಇರುತ್ತಿತ್ತು. ಈಗ ಹಳಿಯ ಮೇಲೆ ನಡೆಯುವುದನ್ನು ನಿಷೇಧಿಸಿದ್ದಾರೆ, ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲುವ ಜಾಗದ ಇಕ್ಕಟ್ಟನ್ನು ನೋಡಿದ ಮೇಲೆ ಅದು ಸರಿಯೆಂದೇ ನನಗೆ ತೋರಿತು. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಟ್ರ್ಯಾಕ್‌ಮನ್‌ಗಳ ಒಂದು ಗುಂಪು ಉಪಕರಣಗಳನ್ನು ಬದಿಗಿಟ್ಟು ನಮ್ಮ ಗಾಜಿನೊಳಗೆ ಕುತೂಹಲದಿಂದ ನೋಡುತ್ತಿತ್ತು. ಅದೇ ಜುಲೈ 26ರಂದು ಇಲ್ಲಿಂದ ಮುಂದಿನ ಕಡಗರವಳ್ಳಿಯ ನಡುವೆ ಹಳಿಯ ಬುಡದ ಮಣ್ಣೇ ಕುಸಿದು ಹಲವು ದಿನ ರೈಲು ಸಂಚಾರ ನಿಂತಿತ್ತು. ಸುರಿಯುವ ಮಳೆಯಲ್ಲಿ, ಸಾಮಾನನ್ನೂ ಹಳಿಯ ಮೇಲೆಯೇ ಸಾಗಿಸಬೇಕಾದ ಜಾಗದಲ್ಲಿ, ಮರಳ ಚೀಲ ಮತ್ತು ಬಂಡೆಗಳನ್ನು ಪೇರಿಸಿ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದು ಇಂಥವರೇ. ಮಳೆಗಾಲದ ರಾತ್ರಿಗಳಲ್ಲಿ ಟಾರ್ಚು ಹಿಡಿದು ಈ ಹಳಿಯನ್ನು ನಡೆದು ನೋಡುವವರೂ ಇವರೇ. ರೈಲು ಹೊರಟಾಗ ಆಯಿ ಕೈ ಬೀಸಿದಳು. ಒಳಗಿನದು ಅವರಿಗೆ ಎಷ್ಟು ಕಾಣಿಸಿತೋ ಗೊತ್ತಿಲ್ಲ, ಇಬ್ಬರು ತಿರುಗಿ ಕೈ ಬೀಸಿದರು.

ಅಪ್ಪಯ್ಯ ಅಷ್ಟು ಹೊತ್ತೂ ಹೆಚ್ಚು ಮಾತನಾಡಿರಲಿಲ್ಲ. ಚೆನ್ನಾಗಿದೆಯೇ ಎಂದು ಕೇಳಿದೆ.

“ನೋಡಲೆ ಚೊಲೋ ಇದ್ದು ತಂಗೀ,” ಎಂದರು. “ಆದರೆ ಆವಾಗ ಕಿಟಕಿ ತೆಗೆದ್ರೆ ಕಾಡೇ ಒಳಗೆ ಬತ್ತಿತ್ತು.”

ಆಮೇಲೆ ಅವರು ಒಂದೊಂದಾಗಿ ನೆನಪಿಸಿಕೊಂಡು ಹೇಳಿದರು: ಸುರಂಗದ ಒಳಗೆ ಎಂಜಿನ್ನಿನ ಹೊಗೆ ಕಿಟಕಿಯಿಂದ ನುಗ್ಗಿ ಎಲ್ಲರೂ ಕೆಮ್ಮುತ್ತಿದ್ದುದು, ಹೊರಗೆ ಬಂದ ಕೂಡಲೆ ಒದ್ದೆ ಎಲೆಗಳ ತಣ್ಣನೆಯ ವಾಸನೆ ಬಡಿಯುತ್ತಿದ್ದುದು, ಜೀರುಂಡೆಗಳ ಸದ್ದು ರೈಲಿನ ಸದ್ದನ್ನೂ ಮೀರುತ್ತಿದ್ದುದು. ನಾನು ಕಿವಿಗೊಟ್ಟು ಕೇಳಿದೆ. ನಮ್ಮ ಬೋಗಿಯಲ್ಲಿ ಏರ್‌ಕಂಡೀಷನರಿನ ಮರ್ಮರ, ಮಕ್ಕಳ ಲೆಕ್ಕದ ಜಗಳ, ದೂರದಲ್ಲಿ ಬ್ಯಾಂಕರ್‌ಗಳ ಗೊರಗೊರ ಸದ್ದು ಇಷ್ಟೇ ಇದ್ದವು. ಇಷ್ಟು ಜೀವಂತ ಕಾಡಿನ ಒಂದೇ ಒಂದು ದನಿಯೂ ಗಾಜನ್ನು ದಾಟಿ ಬಂದಿರಲಿಲ್ಲ. ಕಾಡನ್ನು ನೋಡಲೆಂದು ಕಟ್ಟಿದ ಬೋಗಿ ಅದನ್ನು ಕೇಳಗೊಡುವುದಿಲ್ಲ ಎಂಬ ಅಪ್ಪಯ್ಯನ ಆಕ್ಷೇಪ ನ್ಯಾಯವಾದದ್ದೇ. ಆಯಿ ಮಾತ್ರ ಇದನ್ನು ಒಪ್ಪಲಿಲ್ಲ. ಮಂಡಿನೋವಿನ ತನಗೆ ಹಗಲಿಡೀ ಕಾಲು ಚಾಚಿ ಕುಳಿತು, ಚೊಕ್ಕಟವಾದ ಶೌಚಾಲಯವಿರುವ ಡಬ್ಬಿಯಲ್ಲಿ ಘಟ್ಟ ನೋಡಲು ಸಿಕ್ಕಿದ್ದು ಇದೇ ಮೊದಲೆಂದೂ, ಹೊಗೆ ಕುಡಿದ ಸುಖವನ್ನು ಅಪ್ಪಯ್ಯನೇ ಇಟ್ಟುಕೊಳ್ಳಲೆಂದೂ ಹೇಳಿದಳು.

ದೋಣಿಗಲ್ ದಾಟಿ ಸಕಲೇಶಪುರಕ್ಕೆ ಬರುವಷ್ಟರಲ್ಲಿ ಇಳಿಹೊತ್ತಾಗಿತ್ತು. ಬ್ಯಾಂಕರ್‌ಗಳು ಕಳಚಿಕೊಂಡವು, ರೈಲು ಕಾಫಿ ತೋಟಗಳ ನಡುವೆ ವೇಗ ಹೆಚ್ಚಿಸಿಕೊಂಡಿತು, ಹಾಸನದಿಂದ ಮುಂದೆ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಕುಣಿಗಲ್ಲಿನ ಹೊತ್ತಿಗೆ ಕತ್ತಲಾಗಿತ್ತು. ನಾನು ಊರಿಗೆ ಮರಳುವ ಟಿಕೆಟ್ ನೋಡಲು ಮೊಬೈಲ್ ತೆಗೆದೆ. ಯಶವಂತಪುರದಿಂದ ಬೆಳಿಗ್ಗೆ ಹೊರಡುವ ರೈಲು ಘಟ್ಟ ಇಳಿಯುವುದೂ ಹಗಲಿನಲ್ಲೇ. ಅಪ್ಪಯ್ಯ “ಬಪ್ಪಕಾರೆ ಸಾದಾ ಡಬ್ಬಿ ಸಾಕು” ಎಂದರು. ಆಯಿ ತನಗೆ ಇದೇ ಡಬ್ಬಿ ಬೇಕೆಂದಳು. ವಾದ ನೆಲಮಂಗಲದ ತನಕ ಮುಗಿಯದ್ದರಿಂದ ಆಯಿಗೂ ನನಗೂ ವಿಸ್ಟಾಡೋಮ್, ಅಪ್ಪಯ್ಯನಿಗೆ ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಕಿಟಕಿ ಪಕ್ಕದ ಸೀಟು ಎಂದು ತೀರ್ಮಾನಿಸಿ ಎರಡು ಟಿಕೆಟ್ ಬೇರೆ ಬೇರೆಯಾಗಿ ತೆಗೆದೆ. ಊಟದ ಬುತ್ತಿ ಯಾರ ಹತ್ತಿರ ಇರಬೇಕೆಂಬ ಚರ್ಚೆ ಆಮೇಲೆ ಶುರುವಾಯಿತು.